ಪುಟ್ಟಿ, ಹೀಟರ್ ಆರಿಸಬೇಡ

ಪುಟ್ಟಿ, ಗ್ರೂಪಿನಲ್ಲಿ ನಿನ್ನ ಮೆಸೇಜ್ ಈಗ ನೋಡಿದೆ. ರೇಷ್ಮೆ ಹುಳು ಎರಡನೇ ಜ್ವರ (ಪೊರೆ ಬಿಡೋ ನಿದ್ದೆ) ಎದ್ದಿವೆ, ಗೋಡೆಗೆ ಬಿಸಿ ಅಳೆಯೋ ಗನ್ ಹಿಡಿದರೆ 33 ಡಿಗ್ರಿ ತೋರಿಸುತ್ತಿದೆ, ಹೀಟರ್ ಆರಿಸಲಾ ಅಂತ ಕೇಳಿದ್ದೀಯ. ಬೇಡಮ್ಮ. ದೊಡ್ಡಪ್ಪ ಹೇಳೋದನ್ನ ಪೂರ್ತಿ ಕೇಳು.

ಆ ಗನ್ ಗಾಳಿಯ ಬಿಸಿ ಅಳೆಯೋದಿಲ್ಲ. ಎದುರಿಗೆ ಏನು ಸಿಗುತ್ತೋ ಅದರ ಮೈ ಬಿಸಿ ಅಳೆಯುತ್ತೆ. ಹೀಟರ್ ಪಕ್ಕದ ಗೋಡೆ ಕಾದಿರುತ್ತೆ, ಗಾಳಿ ತಣ್ಣಗೇ ಇರುತ್ತೆ.

ಕೊರೊನಾ ಆದಮೇಲಿನ ಚಳಿಗಾಲದ ರೇಷ್ಮೆ ಬೆಳೆ ನಿಮಗೆಲ್ಲ ಗೊತ್ತೇ ಇದೆ. ಹುಳು ಮನೆಯ ಮೂಲೆಯಲ್ಲಿ ಇದ್ದಿಲ ಒಲೆ ಇಟ್ಟು ನಾನು ಹಿಪ್ಪುನೇರಳೆ ಸೊಪ್ಪಿಗೆ ತೋಟಕ್ಕೆ ಹೋಗಿದ್ದೆ. ನಮ್ಮ ಚಿಕ್ಕವನು ಒಲೆ ಹಿಂದಿನ ಗೋಡೆಗೆ ಗನ್ ಹಿಡಿದ. 34 ಬಂತು. ಹುಳು ಬೆಂದು ಹೋಗುತ್ತವೆ ಅಂತ ಗಾಬರಿಯಾಗಿ ಕೆಂಡ ಎಲ್ಲ ಹೊರಗೆ ಸುರಿದ. ನನಗೆ ಯಾರೂ ಹೇಳಲಿಲ್ಲ. ಬೆಳಿಗ್ಗೆ ಕದ ತೆಗೆದರೆ ಒಳಗೆ ಬಾವಿಯಂಥ ಥಂಡಿ. ಹಾಕಿದ ಸೊಪ್ಪು ಹಾಕಿದ ಹಾಗೇ ಇತ್ತು. ಆಮೇಲೆ ಹುಳು ಒಂದೇ ಸಮ ಜ್ವರಕ್ಕೆ ಹೋಗಲಿಲ್ಲ, ಅರ್ಧ ಮಲಗಿದ್ದರೆ ಅರ್ಧ ಮೇಯುತ್ತಿದ್ದವು. ಚಳಿ, ತೇವ ಎರಡೂ ಸೇರಿ ಕೊನೆಗೆ ಸುಣ್ಣಕಟ್ಟು ಬಂತು, ಹುಳು ಸತ್ತು ಸುಣ್ಣದ ಹಾಗೆ ಬೆಳ್ಳಗೆ ಗಟ್ಟಿಯಾಗೋ ರೋಗ. ತಟ್ಟೆ ತಟ್ಟೆಯೇ ಗುಂಡಿಗೆ ಹಾಕಿದೆವು.

ಅದಕ್ಕೇ ಮತ್ತೆ ಹೇಳ್ತೀನಿ, ಗನ್ ಗಾಳಿ ಅಳೆಯೋದಿಲ್ಲ. ಹೊಳೆಯುವ ತಗಡು, ಅಲ್ಯೂಮಿನಿಯಂ ಸ್ಟ್ಯಾಂಡಿಗೆ ಹಿಡಿದರಂತೂ ಹೀಟರಿನ ಶಾಖವೇ ಅದರಲ್ಲಿ ಬಡಿದು ವಾಪಸ್ ಬರುತ್ತೆ, ಪೂರ್ತಿ ಸುಳ್ಳು ಲೆಕ್ಕ.

ನಮ್ಮ ಮನೆಯಲ್ಲಿ ಡ್ರೈ-ವೆಟ್ ಥರ್ಮಾಮೀಟರ್ ಇತ್ತಲ್ಲ, ಮರದ ಹಲಗೆಯದು, ಬಿಸಿ ತೇವ ಎರಡೂ ತೋರಿಸೋದು. ಪಾಲು ಆದಾಗ ಅದು ಯಾರ ಮನೆಗೆ ಹೋಯಿತು ಅಂತ ಈ ಗ್ರೂಪಿನಲ್ಲಿ ಇರುವವರಿಗೆ ಗೊತ್ತು. ಹುಳು ಸಾಕುವುದು ಬಿಟ್ಟವರ ಮನೆಯಲ್ಲಿ ಅದಕ್ಕೇನು ಕೆಲಸ? ಕೇಳಿದರೆ ಹಳೇ ಸಾಮಾನು ಅಂತಾರೆ. ನಮ್ಮಪ್ಪ ದಿನಾ ಅದರ ವೆಟ್ ಕಡೆಯ ಬತ್ತಿಗೆ ನೀರು ಹಾಕುತ್ತಿದ್ದರು. ಪಾಲಿನ ದಿನ ನಾನು ಬಾಯಿ ಬಿಡಲಿಲ್ಲ, ಆದರೆ ಹೊಟ್ಟೆ ಉರಿಯುತ್ತೆ. ಹಬ್ಬಕ್ಕೆ ಬಂದಾಗಲಾದರೂ ತಂದುಕೊಡಿ.

ಹಾಂ, ಪುಟ್ಟಿ, ಈಗ ಏನು ಮಾಡಬೇಕು ಅಂತ ಹೇಳಲೇ ಇಲ್ಲ ನಾನು. ಇವತ್ತು ರಾತ್ರಿ ಥರ್ಮಾಮೀಟರ್ ಸಿಗದಿದ್ದರೆ ಒಂದು ಕಪ್ಪು ರಟ್ಟಿನ ತುಂಡನ್ನ ದಾರ ಕಟ್ಟಿ ಮನೆ ಮಧ್ಯೆ, ಹುಳು ತಟ್ಟೆಯ ಎತ್ತರಕ್ಕೆ ನೇತುಹಾಕು. ಹೀಟರಿನಿಂದ ದೂರ ಇರಲಿ. ಹೀಟರಿನ ಶಾಖ ನೇರ ಅದಕ್ಕೆ ಹೊಡೆಯದ ಹಾಗೆ ನಡುವೆ ಒಂದು ಅಡ್ಡ ಹಲಗೆ ಇಡು. ಅರ್ಧ ಗಂಟೆ ಬಿಟ್ಟರೆ ರಟ್ಟು ಗಾಳಿಯಷ್ಟೇ ಬಿಸಿ ಆಗಿರುತ್ತೆ. ಆಮೇಲೆ ಹತ್ತಿರದಿಂದ ಅದಕ್ಕೆ ಗನ್ ಹಿಡಿ. ಹಣೆಗೆ ಹಿಡಿಯೋ ಗನ್ ಆದರೆ ಬಾಡಿ ಮೋಡ್ ತೆಗೆದು ಸರ್ಫೇಸ್ ಮೋಡಿಗೆ ಹಾಕು. ದೂರದಿಂದ ಹಿಡಿದರೆ ರಟ್ಟಿನ ಜೊತೆ ಹಿಂದಿನ ಗೋಡೆಯನ್ನೂ ಸೇರಿಸಿ ಲೆಕ್ಕ ಹಾಕಿಬಿಡುತ್ತೆ. ಎರಡನೇ ಜ್ವರ ಎದ್ದರೆ ಮೂರನೇ ಹಂತ; ಮೂರನೇ ಹಂತದ ಹುಳಕ್ಕೆ 26 ಡಿಗ್ರಿ ಆಸುಪಾಸು ಇದ್ದರೆ ಸರಿ, ನಾಲ್ಕನೇ ಹಂತಕ್ಕೆ 25. ಮೇಲಿನ ತಟ್ಟೆ, ಕೆಳಗಿನ ತಟ್ಟೆ ಎರಡರ ಹತ್ತಿರವೂ ನೋಡು, ಮೇಲೆ ಜಾಸ್ತಿ ಇರುತ್ತೆ. ನಾಳೆ ಪೇಟೆಗೆ ಹೋದವರ ಕೈಲಿ ಗೋಡೆಗೆ ಹಾಕೋ ಥರ್ಮಾಮೀಟರ್ ಒಂದು ತರಿಸಿಕೋ. ರಟ್ಟಿನ ನಂಬರ್ ಎಷ್ಟು ಬಂತು ಅಂತ ಇಲ್ಲೇ ಹಾಕು, ನಾನು ಮಲಗಿರಲ್ಲ.