ಶ್ರೀಸಾಮಾನ್ಯ ಮಿಷನರಿಯಾಗಿ ಹೊರದೇಶಕ್ಕೆ: ಹೋಗಿ ಬಂದವರು ಸ್ವಲ್ಪ ಹೇಳಿ

ಕೇಳಿದವರು

ನನಗೆ 33 ವರ್ಷ, ಮದುವೆಯಾಗಿಲ್ಲ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಒಂದು ಕಥೋಲಿಕ ಸಂಸ್ಥೆಯವರು ಎರಡು ವರ್ಷಕ್ಕೆ ತಾಂಜಾನಿಯಾಕ್ಕೆ ಕಳುಹಿಸಲು ಒಪ್ಪಿದ್ದಾರೆ. ಸಿಸ್ಟರ್ ಆಗುವ ಕರೆ ನನಗಿಲ್ಲ, ಅದು ಖಾತ್ರಿ. ಹೋದರೆ ಶ್ರೀಸಾಮಾನ್ಯಳಾಗಿ, ಅಂದರೆ ವ್ರತ ತಗೊಳ್ಳದೆ. ಆದರೆ ಹೋಗಬೇಕು ಅನ್ನುವುದು ಮೂರು ವರ್ಷದಿಂದ ತಲೆಯಿಂದ ಇಳಿದಿಲ್ಲ. ಅಮ್ಮ ಕೇಳುವುದು ಒಂದೇ ಪ್ರಶ್ನೆ: "ವ್ರತ ತಗೊಂಡವರ ಹಿಂದೆ ಒಂದು ಮಠ ಇರುತ್ತೆ. ನಿನ್ನ ಹಿಂದೆ ಯಾರಿದ್ದಾರೆ?" ಉತ್ತರ ನನ್ನ ಹತ್ತಿರ ಇಲ್ಲ. ಅಲ್ಲಿ ದಿನ ಹೇಗೆ ಹೋಗುತ್ತದೆ, ದುಡ್ಡಿನ ಕಥೆ ಏನು, ಬಂದ ಮೇಲೆ ಏನು? ಸಿಹಿ ಮಾತು ಬೇಡ, ನಡೆದದ್ದು ಹೇಳಿ.

ತಾಂಜಾನಿಯಾದಲ್ಲಿ ಮೂರೂವರೆ ವರ್ಷ ಇದ್ದ ನರ್ಸ್

ನಾನಿದ್ದದ್ದು ವಿಕ್ಟೋರಿಯಾ ಸರೋವರದ ಕಡೆ, ಒಂದು ಧರ್ಮಕೇಂದ್ರದ (ಪ್ಯಾರಿಷ್) ಚಿಕಿತ್ಸಾಲಯದಲ್ಲಿ. ಮೊದಲ ನಾಲ್ಕು ತಿಂಗಳು ನರ್ಸ್ ಕೆಲಸವನ್ನೇ ಮಾಡಲಿಲ್ಲ. ಮುಸೋಮಾದ ಮಕೋಕೊದಲ್ಲಿ ಸ್ವಾಹಿಲಿ ಕಲಿಸುವ ಶಾಲೆ ಇದೆ, ಮಿಷನರಿಗಳು ಬಹಳ ಜನ ಅಲ್ಲಿ ಕಲಿತವರು. ಹನ್ನೊಂದು ವರ್ಷ ವಾರ್ಡ್ ನಡೆಸಿದ್ದ ನಾನು ಅಲ್ಲಿ "ಇದು ಕುರ್ಚಿ, ಅದು ಮೇಜು" ಅಂತ ಹೇಳುತ್ತಾ ಕೂತಿದ್ದೆ. ನೀವು ಟೀಚರ್ ಅಲ್ವಾ, ನಿಮಗೆ ಇದು ನನಗಿಂತ ಜಾಸ್ತಿ ಚುಚ್ಚುತ್ತದೆ.

ಒಂದು ಘಟನೆ ಹೇಳುತ್ತೇನೆ. ಸ್ವಾಹಿಲಿಯಲ್ಲಿ ಗಂಟೆ ಎಣಿಸುವುದು ಬೆಳಕು ಹರಿದಾಗಿನಿಂದ. ನಮ್ಮ ಬೆಳಿಗ್ಗೆ ಏಳು ಅವರಿಗೆ "ಸಾ ಮೋಜಾ", ಒಂದನೇ ಗಂಟೆ. "ಸಾ ತಾತು"ಗೆ ತಾಯಂದಿರ ಸಭೆ ಇದೆ ಅಂದರು. ತಾತು ಅಂದರೆ ಮೂರು. ಮಧ್ಯಾಹ್ನ ಮೂರಕ್ಕೆ ಚೆನ್ನಾಗಿ ತಯಾರಾಗಿ ಹೋದೆ. ಸಭೆ ಬೆಳಿಗ್ಗೆ ಒಂಬತ್ತಕ್ಕೇ ಶುರುವಾಗಿ ಮುಗಿದೂ ಹೋಗಿತ್ತು. ಇಬ್ಬರು ಅಜ್ಜಿಯರು ಮಾತ್ರ ನನಗೋಸ್ಕರ ಅಲ್ಲೇ ಕಾದು ಕೂತಿದ್ದರು. ಬೈಯಲಿಲ್ಲ. "ಪೋಲೆ" ಅಂದರು. ಪಾಪ, ನಿನಗೆ ಕಷ್ಟವಾಯಿತಲ್ಲ ಅಂತ. ತಪ್ಪು ನನ್ನದು, ಸಮಾಧಾನ ಮಾಡಿದ್ದು ಅವರು. ಸೇವೆ ಮಾಡಲು ಬಂದವಳು ಅಂತ ನನ್ನ ಬಗ್ಗೆ ನನಗಿದ್ದ ಚಿತ್ರ ಅವತ್ತು ಸ್ವಲ್ಪ ಒಡೆಯಿತು.

ನಮ್ಮ ಧರ್ಮಕೇಂದ್ರದಲ್ಲಿ ಗುರುಗಳು, ಅಂದರೆ ಪಾದ್ರಿ, ಒಬ್ಬರೇ, ಹಳ್ಳಿಗಳು ಹಲವು. ನಮ್ಮಲ್ಲಿ ತಿಂಗಳಿಗೊಮ್ಮೆ ಬಲಿಪೂಜೆ, ಅಂದರೆ ಗುರುಗಳು ನಡೆಸುವ ಮಾಸ್. ಉಳಿದ ಭಾನುವಾರ ಧರ್ಮಪಾಠ ಹೇಳಿಕೊಡುವ ಉಪದೇಶಿಯೇ ಪ್ರಾರ್ಥನೆ ನಡೆಸುತ್ತಿದ್ದರು. ಆದರೆ ಧರ್ಮಸಭೆ ನಿಜವಾಗಿ ಉಸಿರಾಡುವುದು ಜುಮುಯಾ ಅನ್ನುವ ಸಣ್ಣ ಗುಂಪಿನಲ್ಲಿ. ಹತ್ತು ಹದಿನೈದು ಮನೆಯವರು ವಾರಕ್ಕೊಮ್ಮೆ ಯಾರದಾದರೂ ಮನೆಯಲ್ಲಿ ಸೇರಿ ಶುಭಸಂದೇಶ ಓದುತ್ತಾರೆ. ಪೂರ್ವ ಆಫ್ರಿಕಾದ ಧರ್ಮಾಧ್ಯಕ್ಷರು (ಬಿಷಪ್‌ಗಳು) 1970ರ ದಶಕದಲ್ಲೇ ಇದಕ್ಕೆ ಮೊದಲ ಸ್ಥಾನ ಕೊಟ್ಟರು. ಓದಿ ಮುಗಿದ ಮೇಲೆ ಯಾರಿಗೆ ಕಾಯಿಲೆ, ಯಾರ ಮನೆಗೆ ಸೌದೆ ಬೇಕು ಅನ್ನುವ ಮಾತು. ನನಗೆ ಮಲೇರಿಯಾ ಬಂದಾಗ ಐದು ದಿನ ನೀರು ಹೊತ್ತು ತಂದದ್ದು ಅವರೇ. ಅಮ್ಮನಿಗೆ ಇದನ್ನು ಹೇಳಿ. ಸಂಸ್ಥೆ ಸಾವಿರಾರು ಮೈಲಿ ಆಚೆ ಇರುತ್ತದೆ. ಜುಮುಯಾ ಪಕ್ಕದ ಮನೆಯಲ್ಲಿರುತ್ತದೆ.

ಒಂಟಿತನ? ಇರುತ್ತದೆ. ಸಮಭಾಜಕದ ಹತ್ತಿರ ವರ್ಷವಿಡೀ ಸಂಜೆ ಏಳರ ಹೊತ್ತಿಗೆ ಕತ್ತಲು. ಕರೆಂಟ್ ಇಲ್ಲದ ರಾತ್ರಿ ಬಹಳ ಉದ್ದ. ಒಳ್ಳೆ ಹೆಡ್‌ಲ್ಯಾಂಪ್ ಒಯ್ಯಿರಿ.

ಬೊಲಿವಿಯಾಕ್ಕೆ ಮಕ್ಕಳ ಜೊತೆ ಹೋದ ದಂಪತಿ

ನಾವು ಕೊಚಬಾಂಬಾದಲ್ಲಿದ್ದೆವು, ಸಮುದ್ರ ಮಟ್ಟದಿಂದ ಸುಮಾರು 2,500 ಮೀಟರ್ ಮೇಲೆ. ಮೊದಲ ವಾರ ಮೆಟ್ಟಿಲು ಹತ್ತಿದರೆ ಏದುಸಿರು. ಮಕ್ಕಳು ಆರು ತಿಂಗಳಲ್ಲಿ ಸ್ಪ್ಯಾನಿಷ್ ಮಾತಾಡಿದರು. ನಾವು ಅವರ ಬಾಯಿ ನೋಡುತ್ತಾ ನಿಂತೆವು.

"ಮಿಷನರಿ ಅಂದರೆ ಗುರುಗಳು, ಸಿಸ್ಟರ್‌ಗಳು ಅಲ್ವಾ?" ಅಂತ ನಿಮ್ಮನ್ನೂ ಕೇಳುತ್ತಾರೆ. ಬೈಬಲಿನಲ್ಲಿ ಪ್ರೇಷಿತ ಪೌಲನ ಜೊತೆ ಕೊರಿಂಥದಲ್ಲಿ ಡೇರೆ ಹೊಲಿಯುತ್ತಿದ್ದ ಅಕ್ವಿಲ ಮತ್ತು ಪ್ರಿಸ್ಸಿಲ್ಲ ಗಂಡ ಹೆಂಡತಿ, ಶ್ರೀಸಾಮಾನ್ಯರೇ. ಕಥೋಲಿಕ ಧರ್ಮಸಭೆಯ ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ ಇದು ನಮ್ಮೆಲ್ಲರ ಕೆಲಸ ಅಂತ ಬರೆದೇ ಇಟ್ಟಿದೆ. ಅಷ್ಟು ಹೇಳಿ ಮಾತು ಬದಲಾಯಿಸಿ. ವಾದ ಮಾಡಿ ಪ್ರಯೋಜನವಿಲ್ಲ.

ಎಂಟು ತಿಂಗಳಿಗೆ ವಾಪಸ್ ಬಂದವನು

ಒಳ್ಳೆಯದು ಹೇಳುವವರು ಸಾಕಷ್ಟಿದ್ದಾರೆ, ನಾನು ಇನ್ನೊಂದು ಹೇಳುತ್ತೇನೆ. ನನ್ನನ್ನು ಕಂಪ್ಯೂಟರ್ ಕಲಿಸಲು ಕಳುಹಿಸಿದರು. ದೇಶ, ಸಂಸ್ಥೆ ಯಾವುದು ಅನ್ನುವುದು ಬೇಡ. ಹೋಗಿ ನೋಡಿದರೆ ಆ ಶಾಲೆಯಲ್ಲಿ ಆಗಲೇ ಒಬ್ಬ ಯುವಕ ಆ ಪಾಠ ಮಾಡುತ್ತಿದ್ದ. ಸಂಬಳಕ್ಕೆ. ನಾನು ಬಿಟ್ಟಿಗೆ ಸಿಕ್ಕೆ ನೋಡಿ, ಅವನ ಪಿರಿಯಡ್‌ಗಳು ಅರ್ಧವಾದವು. ನನಗೆ ಗೊತ್ತಾಗಲು ಮೂರು ತಿಂಗಳು ಬೇಕಾಯಿತು, ಯಾಕೆಂದರೆ ಅವನು ಸಭ್ಯ, ಬಾಯಿ ಬಿಡಲಿಲ್ಲ. ನಾನು ಎಷ್ಟು ಹೇಳಿದರೂ ವೇಳಾಪಟ್ಟಿ ಬದಲಾಗಲಿಲ್ಲ. ಕೊನೆಗೆ ನಾನೇ ಹೊರಟೆ.

ಈಗಲೂ ಕೆಲವರು ನನಗೆ ಕರೆ ಇರಲಿಲ್ಲ ಅನ್ನುತ್ತಾರೆ. ಇರಲಿ ಬಿಡಿ. ನೀವು ಹೊರಡುವ ಮೊದಲು ಆ ಶಾಲೆಯ ಹೆಡ್‌ಮಾಸ್ಟರ್ ಹತ್ತಿರ ನೀವೇ ಮಾತಾಡಿ. ಸಂಸ್ಥೆಯ ಮೂಲಕ ಅಲ್ಲ, ನೇರವಾಗಿ. ನನ್ನನ್ನು ಕೇಳಿದ್ದು ಯಾರು, ಈಗ ಆ ಕೆಲಸ ಯಾರು ಮಾಡುತ್ತಿದ್ದಾರೆ, ನಾನು ಹೋದ ಮೇಲೆ ಯಾರು ಮಾಡುತ್ತಾರೆ? ಉತ್ತರ ತಡವರಿಸಿದರೆ ಬೇರೆ ಕಡೆ ಕೇಳಿ. ಅಮ್ಮನ ಪ್ರಶ್ನೆ ಒಳ್ಳೆಯದೇ. ಆದರೆ ನಿಮ್ಮ ಮುಂದೆ ಯಾರಿದ್ದಾರೆ ಅನ್ನುವುದೂ ಕೇಳಬೇಕಾದದ್ದೇ.

ಕೇಳಿದವರು

ಇದು ನನಗೆ ಹೊಳೆದಿರಲೇ ಇಲ್ಲ. ಇನ್ನೊಂದು, ಅಪಾಯದ ವಿಷಯ. ಅಮ್ಮ ಸುದ್ದಿ ನೋಡಿ ನೋಡಿ ಹೆದರಿದ್ದಾರೆ.

ಎಲ್ ಸಾಲ್ವಡಾರ್‌ನಲ್ಲಿ ಆರು ವರ್ಷ ಇದ್ದವನು

1992ರಲ್ಲಿ ಅಂತರ್ಯುದ್ಧ ಮುಗಿಸುವ ಶಾಂತಿ ಒಪ್ಪಂದ ಆದ ಮೇಲೆ ಹೋದವನು ನಾನು. ಪ್ರತಿ ಡಿಸೆಂಬರ್ 2ರಂದು ನಾಲ್ವರು ಹೆಂಗಸರಿಗಾಗಿ ಬಲಿಪೂಜೆಗೆ ಹೋಗುತ್ತಿದ್ದೆ. 1980ರ ಆ ರಾತ್ರಿ ಅಲ್ಲಿನ ಸರ್ಕಾರಿ ಪಡೆ ನ್ಯಾಷನಲ್ ಗಾರ್ಡ್‌ನವರು ಕೊಂದದ್ದು ಮೂವರು ಸಿಸ್ಟರ್‌ಗಳನ್ನು ಮತ್ತು ಜೀನ್ ಡೊನೊವನ್ ಅನ್ನುವ ಶ್ರೀಸಾಮಾನ್ಯಳನ್ನು. ಅವಳಿಗೆ 27. ಅಮೆರಿಕದಲ್ಲಿ ಒಂದು ದೊಡ್ಡ ಲೆಕ್ಕಪತ್ರ ಕಂಪನಿಯ ಕೆಲಸ ಬಿಟ್ಟು ಬಂದಿದ್ದಳು. ಅವಳನ್ನು ಅಲ್ಲಿ ಹಿಡಿದಿಟ್ಟ ವ್ರತ ಯಾವುದೂ ಇರಲಿಲ್ಲ. ಬಿಟ್ಟುಬರಬೇಕು ಅಂತ ಅವಳಿಗೂ ಅನ್ನಿಸಿತ್ತು. ಅಲ್ಲಿನ ಮಕ್ಕಳನ್ನು ನೋಡಿ ನಿಂತಳು. ನನಗೆ ಅವಳು ಹತ್ತಿರವಾಗುವುದು ಅದಕ್ಕೇ.

ಆದರೆ ಇದನ್ನು ಅಮ್ಮನಿಗೆ ಹೇಳಬೇಡಿ! ನಿಮಗೆ ನಿಜವಾಗಿ ಅಪಾಯ ಇರುವುದು ರಸ್ತೆಯಲ್ಲಿ. ನನ್ನ ಜೊತೆಯವರಲ್ಲಿ ಇಬ್ಬರು ಆಸ್ಪತ್ರೆ ಸೇರಿದ್ದು, ಎರಡೂ ಸಲ ಬೈಕಿನಿಂದ ಬಿದ್ದು. ತಾಂಜಾನಿಯಾದಲ್ಲಿ ಬೋಡಾಬೋಡಾ ಅಂತ ಬೈಕ್ ಟ್ಯಾಕ್ಸಿ ಹತ್ತುತ್ತೀರಿ. ಹೆಲ್ಮೆಟ್ ಇಲ್ಲದೆ ಹತ್ತಬೇಡಿ, ರಾತ್ರಿ ಹತ್ತಲೇಬೇಡಿ.

ವಾಪಸ್ ಬಂದು ನಾಲ್ಕು ವರ್ಷವಾದವಳು

ದುಡ್ಡಿನ ಬಗ್ಗೆ ಯಾರೂ ಹೇಳಲಿಲ್ಲ, ಆದ್ದರಿಂದ ನಾನು. ಸಂಬಳ ಅಂತ ಇರುವುದಿಲ್ಲ. ನನಗೆ ಸಿಕ್ಕಿದ್ದು ಕೋಣೆ, ಊಟ, ಸ್ವಲ್ಪ ಕೈಖರ್ಚು. ಅಲ್ಲಿ ಅಷ್ಟು ಸಾಕಾಯಿತು. ಕಷ್ಟವಾದದ್ದು ಬಂದ ಮೇಲೆ. ಕೈಯಲ್ಲಿ ಏನೂ ಇಲ್ಲ, ಎರಡು ವರ್ಷ ಪಿಂಚಣಿ ಕಟ್ಟಿಲ್ಲ, ಕೆಲಸಕ್ಕೆ ಅರ್ಜಿ ಹಾಕಿದರೆ ಆ ಎರಡು ವರ್ಷ ಏನು ಮಾಡುತ್ತಿದ್ದಿರಿ ಅನ್ನುತ್ತಾರೆ. ಕೆಲವು ಸಂಸ್ಥೆಗಳು ವಾಪಸ್ ಬಂದವರಿಗೆ ಮತ್ತೆ ನೆಲೆಯೂರಲು ಒಂದಿಷ್ಟು ಹಣ ಕೊಡುತ್ತವೆ. ನಮ್ಮದು ಕೊಡಲಿಲ್ಲ, ನಾನು ಮೊದಲೇ ಕೇಳಲೂ ಇಲ್ಲ. ದೇವರ ಕೆಲಸಕ್ಕೆ ಹೋಗುವಾಗ ದುಡ್ಡು ಕೇಳುವುದು ನಾಚಿಕೆ ಅನ್ನಿಸಿತ್ತು. ನೀವು ನಾಚಬೇಡಿ. ಆರೋಗ್ಯ ವಿಮೆ, ತುರ್ತಾಗಿ ವಿಮಾನದಲ್ಲಿ ಕರೆತರುವ ವಿಮೆ, ಆಮೇಲಿನ ಹಣ, ಮೂರೂ ಕಾಗದದಲ್ಲಿ ಇರಲಿ. ಶಾಲೆಗೆ ರಾಜೀನಾಮೆ ಕೊಡುವ ಮೊದಲು ಸಂಬಳವಿಲ್ಲದ ರಜೆ ಸಿಗುತ್ತದಾ ನೋಡಿ.

ಬಂದ ಮೇಲೆ ಜ್ವರ ಬಂದರೆ ಎಲ್ಲಿದ್ದೆ ಅಂತ ಡಾಕ್ಟರಿಗೆ ಮೊದಲು ಹೇಳಿ. ಐದನೇ ವಾರ ನನಗೆ ಜ್ವರ ಬಂತು. ಸುಮ್ನೆ ಫ್ಲೂ ಅಂತ ಮನೆಗೆ ಕಳುಹಿಸಿದರು. ಮಲೇರಿಯಾ ಆಗಿತ್ತು.

ನಮ್ಮ ಧರ್ಮಕೇಂದ್ರದಲ್ಲಿ ಬಲಿಪೂಜೆಯ ನಂತರ ಹತ್ತು ನಿಮಿಷ ಫೋಟೋ ತೋರಿಸಿ ಅಂದರು. ತೋರಿಸಿದೆ, ಚಪ್ಪಾಳೆ ತಟ್ಟಿದರು. ಎರಡನೇ ಪ್ರಶ್ನೆ ಯಾರೂ ಕೇಳಲಿಲ್ಲ. ಅದಕ್ಕೇ ಹೋಗಿ ಬಂದ ಇಬ್ಬರ ನಂಬರ್ ಈಗಲೇ ಇಟ್ಟುಕೊಳ್ಳಿ. ಆ ಹೊತ್ತಿಗೆ ಅವರು ಬೇಕಾಗುತ್ತಾರೆ.

ಕೇಳಿದವರು

ಒಪ್ಪಂದ ಮತ್ತೆ ತೆಗೆದು ಓದಿದೆ. ಎರಡೂ ವಿಮೆ ಇವೆ. ವಾಪಸ್ ಬಂದ ಮೇಲಿನ ಹಣದ ಬಗ್ಗೆ ಒಂದು ಸಾಲೂ ಇಲ್ಲ. ಗಣಿತ ಈಗ ಅಲ್ಲಿ ಯಾರು ಹೇಳಿಕೊಡುತ್ತಿದ್ದಾರೆ ಅಂತಲೂ ಇಲ್ಲ. ಸಂಸ್ಥೆಯವರ ಹತ್ತಿರ ಹೆಡ್‌ಮಾಸ್ಟರ್ ನಂಬರ್ ಕೇಳಿ ತಗೊಂಡಿದ್ದೇನೆ. ನಾಳೆ ಸಾ ತಾತುಗೆ ಫೋನ್ ಮಾಡಿ ಅಂದಿದ್ದಾರೆ. ಅಲ್ಲಿನ ಬೆಳಿಗ್ಗೆ ಒಂಬತ್ತಕ್ಕೇ ಮಾಡುತ್ತೇನೆ.