ಬಿಸಿಗಾಳಿ ಬಲೂನಿನ ಬುಟ್ಟಿಯಲ್ಲಿ ಎಪಿಆರ್‌ಎಸ್ ಟ್ರ್ಯಾಕರ್: ಬೆನ್ನಟ್ಟುವ ಜೀಪಿಗೆ ಸಾಕಾದೀತೇ?

ಪ್ರಶ್ನೆ, ಹುಬ್ಬಳ್ಳಿಯಿಂದ:
ಈ ಚಳಿಗಾಲದಲ್ಲಿ ಅಣ್ಣಿಗೇರಿ, ನವಲಗುಂದದ ಬಯಲಿನಲ್ಲಿ ಬಲೂನು ಹಾರಿಸಲಿರುವ ತಂಡವೊಂದು ಅದನ್ನು ನೆಲದಿಂದ ಬೆನ್ನಟ್ಟುವ ಜೀಪಿನ ಹೊಣೆಯನ್ನು ನನಗೆ ಒಪ್ಪಿಸಿದೆ. ಪೈಲಟ್ ಫೋನಿನಲ್ಲಿ "ಕೆರೆಯ ಪಕ್ಕ ಗುಡಿ ಕಾಣುತ್ತಿದೆ" ಎಂದರೆ ಊರು ಯಾವುದೆಂದು ತಿಳಿಯುವುದಿಲ್ಲ. ಕೆರೆ, ಗುಡಿ ಇಲ್ಲದ ಊರಾದರೂ ಈ ಕಡೆ ಎಲ್ಲಿದೆ? ನನಗೆ ಹ್ಯಾಮ್ (ಹವ್ಯಾಸಿ ರೇಡಿಯೋ) ಲೈಸೆನ್ಸ್ ಇರುವುದರಿಂದ ಬುಟ್ಟಿಯಲ್ಲಿ ಎಪಿಆರ್‌ಎಸ್ ಟ್ರ್ಯಾಕರ್, ಅಂದರೆ ತಾನಿರುವ ಸ್ಥಾನವನ್ನು ಆಗಾಗ ರೇಡಿಯೋ ಮೂಲಕ ಸಾರುವ ಸಾಧನ, ಇಡುವ ಯೋಚನೆಯಿದೆ. ಹತ್ತಿರದಲ್ಲಿ ಡಿಜಿಪೀಟರ್ (ಆ ಸಂಕೇತವನ್ನು ಹಿಡಿದು ಮರುಪ್ರಸಾರ ಮಾಡುವ ಕೇಂದ್ರ) ಇಲ್ಲದಿದ್ದರೂ ಅದು ಕೆಲಸ ಮಾಡೀತೇ?

ಉತ್ತರ, ಧಾರವಾಡದಿಂದ:
ಮಾಡುತ್ತದೆ ಸರ್. 300 ಮೀಟರ್ ಎತ್ತರದಲ್ಲಿರುವ ಬಲೂನಿಗೆ ರೇಡಿಯೋ ದಿಗಂತ (ಸಂಕೇತ ನೇರವಾಗಿ ತಲುಪಬಲ್ಲ ಎಲ್ಲೆ) ಸುಮಾರು 70 ಕಿ.ಮೀ. ದೂರವಿರುವುದರಿಂದ, 5 ವ್ಯಾಟ್‌ನ ಕೈಸೆಟ್ಟಿನ ಸಂಕೇತವನ್ನೂ ಜೀಪಿನ ಮೇಲಿನ ಆಂಟೆನಾ ನೇರವಾಗಿಯೇ ಹಿಡಿಯಬಲ್ಲದು. ತೊಂದರೆ ಬರುವುದು ಇಳಿಯುವಾಗ. ಬುಟ್ಟಿ ಜಾಲಿಮರಗಳ ಮಟ್ಟಕ್ಕೆ ಬಂದೊಡನೆ, ಬೆತ್ತ ಅಡ್ಡಿಮಾಡದಿದ್ದರೂ ಒಳಗಿನ ಗ್ಯಾಸ್ ಸಿಲಿಂಡರ್‌ಗಳು ಸಂಕೇತವನ್ನು ಮರೆಮಾಡುತ್ತವೆ; ನಮಗೆ ಹೆಚ್ಚು ಬೇಕಾದ ಕೊನೆಯ ಸ್ಥಾನವೇ ತಪ್ಪಿಹೋಗುವುದು ಆಗ. ಸ್ಥಾನದ ಪ್ಯಾಕೆಟ್ ತಲುಪಿತೇ ಎಂದು ಟ್ರ್ಯಾಕರ್ ವಿಚಾರಿಸುವುದಿಲ್ಲ, ಹೋದದ್ದು ಹೋಯಿತು. ಗಂಟೆಗೆ 15 ಕಿ.ಮೀ. ಗಾಳಿಯಲ್ಲಿ ಬಲೂನು ಎರಡು ನಿಮಿಷಕ್ಕೆ ಅರ್ಧ ಕಿ.ಮೀ. ಸಾಗುವುದರಿಂದ, ಇಳಿಯುವ ಹೊತ್ತಿಗೆ ಪ್ರಸಾರದ ಅಂತರವನ್ನು 30 ಸೆಕೆಂಡಿಗೆ ಇಳಿಸಿಕೊಳ್ಳಿ. ಆಂಟೆನಾವನ್ನು ಬುಟ್ಟಿಯ ಹೊರಬದಿಗೆ, ಬರ್ನರ್ ಮತ್ತು ಗ್ಯಾಸ್ ಪೈಪುಗಳಿಂದ ದೂರದಲ್ಲಿ, ಪೈಲಟ್ ಒಪ್ಪಿದ ಜಾಗದಲ್ಲೇ ನೆಟ್ಟಗೆ ಕಟ್ಟಬೇಕು.

ಇನ್ನೊಂದು ಮಾತು: ಪರದೆಯಲ್ಲಿ ಕಾಣುವ ಎತ್ತರ ಸಮುದ್ರಮಟ್ಟದಿಂದ ಎಣಿಸಿದ್ದು. ನಮ್ಮ ನೆಲವೇ 600 ಮೀಟರಿನ ಆಸುಪಾಸಿನಲ್ಲಿರುವುದರಿಂದ, ಬಲೂನು ಇನ್ನೂ ಹೊಲದಲ್ಲಿ ನಿಂತಿರುವಾಗಲೇ 2,000 ಅಡಿ ಎಂದು ತೋರಿಸೀತು. ಹಾರುವ ಮುನ್ನ ಕಂಡ ಅಂಕಿಯನ್ನು ಬರೆದಿಟ್ಟುಕೊಂಡು ಕಳೆಯಿರಿ.

ಉತ್ತರ, ಗದಗದಿಂದ:
ತಾಂತ್ರಿಕ ವಿಷಯ ಸರಿ, ಆದರೆ ಅದಕ್ಕೂ ಮೊದಲು ಕೇಳಬೇಕಾದದ್ದೊಂದಿದೆ. ಜನರಿಂದ ಟಿಕೆಟ್ ಹಣ ಪಡೆದು ಹಾರಿಸುವ ಬಲೂನೇ? ಹಾಗಿದ್ದರೆ ಹ್ಯಾಮ್ ತರಂಗಾಂತರವನ್ನು ಮುಟ್ಟಬೇಡಿ, ಏಕೆಂದರೆ ಹವ್ಯಾಸಿ ರೇಡಿಯೋ ಇರುವುದು ವ್ಯಾಪಾರಕ್ಕಲ್ಲ. ಉಚಿತ ಹಾರಾಟವಾದರೂ ಆಕಾಶದಿಂದ ಪ್ರಸಾರ ಮಾಡುವ ಮೊದಲು ದೂರಸಂಪರ್ಕ ಇಲಾಖೆಯ ಡಬ್ಲ್ಯೂಪಿಸಿ ವಿಭಾಗದಿಂದ ಲಿಖಿತ ಉತ್ತರ ಪಡೆಯುವುದು ಲೇಸು.

ಪ್ರಶ್ನೆ ಕೇಳಿದವರು:
ಟಿಕೆಟ್ ಇದೆ, ಸರ್. ಅದು ನನಗೆ ಹೊಳೆದೇ ಇರಲಿಲ್ಲ.

ಉತ್ತರ, ಗದಗದಿಂದ:
ಹಾಗಾದರೆ 865ರಿಂದ 867 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡುವ ಲೋರಾ (ಕಡಿಮೆ ಶಕ್ತಿಯಲ್ಲೇ ದೂರ ತಲುಪುವ ರೇಡಿಯೋ ವಿಧಾನ) ಟ್ರ್ಯಾಕರ್ ಕೊಳ್ಳಿ. ನಿಗದಿತ ಶಕ್ತಿಮಿತಿಯೊಳಗೆ ಅದಕ್ಕೆ ಲೈಸೆನ್ಸ್ ಬೇಕಿಲ್ಲ. ಮೇಲಿನವರು ಹೇಳಿದ ದಿಗಂತ, ಎತ್ತರ, ಕೊನೆಯ ಸ್ಥಾನದ ಲೆಕ್ಕವೆಲ್ಲ ಅಲ್ಲಿಯೂ ಅನ್ವಯಿಸುತ್ತದೆ. ಪರದೆಯಲ್ಲಿ ಎರಡೇ ಕಿ.ಮೀ. ಎಂದು ಕಂಡರೂ ಬಲೂನು ಬೆಣ್ಣೆಹಳ್ಳದ ಆಚೆ ಇಳಿದರೆ ಸೇತುವೆ ಹುಡುಕಿಕೊಂಡು ಸುತ್ತಬೇಕಾಗುತ್ತದೆ. ಮಳೆಯಾಗಿದ್ದರಂತೂ ಜೀಪನ್ನು ಎರೆಹೊಲಕ್ಕೆ ಇಳಿಸಲೇಬೇಡಿ.