ಸಹಾಯ ಬೇಕು: ಕರೆಂಟ್ ಯೂನಿಟ್ ಇಳಿದಿದೆ, ಲೆಕ್ಕದಲ್ಲಿ ಮಾತ್ರ ಏರಿದೆ

ಎಲ್ಲರಿಗೂ ನಮಸ್ಕಾರ. ಪ್ಲಾಸ್ಟಿಕ್ ಮೋಲ್ಡಿಂಗ್ ಘಟಕವೊಂದರಲ್ಲಿ ಮೇಂಟೆನೆನ್ಸ್ ನೋಡಿಕೊಳ್ಳುತ್ತೇನೆ. ಐಎಸ್‌ಒ 50001 (ಎನರ್ಜಿ ನಿರ್ವಹಣೆಯ ಅಂತರರಾಷ್ಟ್ರೀಯ ಮಾನದಂಡ) ಪ್ರಮಾಣಪತ್ರಕ್ಕೆ ತಯಾರಿ ನಡೆದಿದೆ, ಎನರ್ಜಿ ಫೈಲ್ ನನ್ನ ತಲೆಗೆ ಬಿದ್ದಿದೆ.

ಎನರ್ಜಿ ಆಡಿಟ್‌ನವರು ಹೇಳಿದ್ದನ್ನು ಮಾಡಿದ್ದೇವೆ. ಕಂಪ್ರೆಸರ್ ಲೈನಿನ ಸೋರಿಕೆ ಮುಚ್ಚಿಸಿದೆವು. ಮಷಿನ್ ನಿಂತಾಗಲೂ ಕಪ್ಲಿಂಗ್‌ಗಳಲ್ಲಿ ಬುಸ್ ಅನ್ನುತ್ತಿದ್ದ ಸದ್ದು ಈಗ ಇಲ್ಲ. ಗಾಳಿಯ ಒತ್ತಡವನ್ನೂ 7 ಬಾರ್‌ನಿಂದ 6ಕ್ಕೆ ಇಳಿಸಿದೆವು. ಬಿಲ್ಲಿನಲ್ಲಿ ಒಟ್ಟು ಯೂನಿಟ್ ಕಡಿಮೆಯಾಗಿದೆ.

ತೊಂದರೆ ಇರುವುದು ಲೆಕ್ಕದಲ್ಲಿ. ಆರ್ಡರ್ ಇಲ್ಲದೆ ಉತ್ಪಾದನೆಯೂ ಇಳಿದಿದೆ. ಚಿಲ್ಲರ್, ಲೈಟು ಇವೆಲ್ಲ ಮಾಲು ಎಷ್ಟೇ ಬರಲಿ ಓಡಲೇಬೇಕು ಅಲ್ವಾ? ಹಾಗಾಗಿ ಕೆಜಿಗೆ ಎಷ್ಟು ಯೂನಿಟ್ ಅಂತ ಭಾಗಿಸಿದರೆ ಹಳೇ ಬೇಸ್‌ಲೈನಿಗಿಂತ (ಹೋಲಿಕೆಗೆ ಇಟ್ಟುಕೊಂಡ ಹಿಂದಿನ ವರ್ಷದ ಲೆಕ್ಕ) ಜಾಸ್ತಿ ಬರುತ್ತದೆ. ಇದನ್ನು ತೋರಿಸಿದರೆ ಮ್ಯಾನೇಜ್‌ಮೆಂಟ್ "ಏನು ಉಳಿಸಿದಿರಿ?" ಅಂತ ಕೇಳುತ್ತದೆ. ಕೇಳುವುದೂ ನ್ಯಾಯವೇ.

ಬೇಸ್‌ಲೈನ್ ವರ್ಷದ ತಿಂಗಳುವಾರು ಉತ್ಪಾದನೆ ಮತ್ತು ಯೂನಿಟ್ ಎಕ್ಸೆಲ್‌ಗೆ ಹಾಕಿ ಗ್ರಾಫ್‌ನಲ್ಲಿ ಗೆರೆ ಎಳೆದೆ. ಉತ್ಪಾದನೆ ಸೊನ್ನೆ ಇದ್ದಲ್ಲೂ ಗೆರೆ ಸೊನ್ನೆ ಯೂನಿಟ್‌ನಿಂದ ಶುರುವಾಗುವುದಿಲ್ಲ, ಮೇಲಿನಿಂದಲೇ ಶುರು. ಅದೇ ಆ ಖಾಯಂ ಲೋಡ್. ಈಗಿನ ತಿಂಗಳುಗಳು ಆ ಗೆರೆಗಿಂತ ಕೆಳಗೇ ಇವೆ, ಅಂದರೆ ಉಳಿತಾಯ ನಿಜ. ಉತ್ಪಾದನೆಯಂಥ ಅಂಶ ಬಳಕೆಯನ್ನು ಗಣನೀಯವಾಗಿ ಬದಲಿಸಿದರೆ ಅದಕ್ಕೆ ತಕ್ಕಂತೆ ಲೆಕ್ಕ ಸರಿಹೊಂದಿಸಬೇಕು ಅಂತ ಐಎಸ್‌ಒ 50001ರ 2018ರ ಆವೃತ್ತಿಯೂ ಹೇಳುತ್ತದೆ. ಆದರೆ ನಮ್ಮ ದಾಖಲೆಯಲ್ಲೆಲ್ಲ ಉಳಿತಾಯ ಅಳೆಯುವ ಸೂಚಕ 'ಕೆಜಿಗೆ ಯೂನಿಟ್' ಅಂತಲೇ ಇದೆ.

ಪ್ರಶ್ನೆ ಇಷ್ಟೇ: ಹಳೇ ವರ್ಷದ ಡೇಟಾ ಹಾಗೇ ಇಟ್ಟುಕೊಂಡು ಸೂಚಕವನ್ನು ಮಾತ್ರ ಈ ಗೆರೆಯ ಲೆಕ್ಕಕ್ಕೆ ಬದಲಿಸಿದರೆ ಸರ್ಟಿಫಿಕೇಶನ್ ಆಡಿಟರ್ ಒಪ್ಪುತ್ತಾರಾ? ಕಾರಣ ಬರೆದಿಟ್ಟರೆ ಸಾಕಾ, ಇಲ್ಲಾ ಬೇಸ್‌ಲೈನನ್ನೇ ಹೊಸದಾಗಿ ಮಾಡಬೇಕಾ? ಹೀಗೆ ಬದಲಿಸಿ ಆಡಿಟ್ ಮುಗಿಸಿದವರು ದಯವಿಟ್ಟು ಹೇಳಿ.